ಒಂಟಿ ತಾಳ

"ಇದೂ ಸತ್ತದ," ಎಂದು ಮಡೆಪ್ಪ ಕಾಕಾ ತಾಳವನ್ನು ಗಾಜಿನ ಕಪಾಟಿನ ಮೇಲಿಟ್ಟರು.

ಬೀದರಿನ ಮೂರನೇ ಅಂಗಡಿ. ಅಂಗಡಿಯವನ ಹುಬ್ಬು ಗಂಟಿಕ್ಕಿತು. ರವಿಕಿರಣನ ತಾಳ್ಮೆಯಂತೂ ಎರಡನೇ ಅಂಗಡಿಯಲ್ಲೇ ಮುಗಿದಿತ್ತು.

ಕೊಳಾರದ ಕಾರ್ಖಾನೆಯಲ್ಲಿ ವಾರವಿಡೀ ದುಡಿದವನಿಗೆ ಸಿಗುವುದು ಒಂದು ಭಾನುವಾರ. ಅದೂ ತಾಳಕ್ಕೆ ಬಲಿ. ಮೈಲೂರಿನಲ್ಲಿ ಕಾಕಾನ ಮಾಳಿಗೆಗೆ ಬಾಡಿಗೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸಲು ಬರುತ್ತದೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. ತಾಳ ಹುಡುಕಲು ಭಜನೆಯ ಹಳಬರನ್ನು ಕರೆದರೆ ಎಲ್ಲರೂ ಏನೇನೋ ನೆಪ ಹೇಳಿ, ಮೀಸೆಯಲ್ಲೇ ನಕ್ಕು ಜಾರಿಕೊಂಡಿದ್ದರು. ಬೆಳಿಗ್ಗೆ ಅಂಗಳದ ನಡುವಿನ ಹೊಸ ಇಟ್ಟಿಗೆ ಗೋಡೆಗೆ ಆನಿಸಿದ್ದ ಬೈಕನ್ನು ತೆಗೆಯುವಾಗ, ಆಚೆಮನೆಯ ಓಂಪ್ರಕಾಶ ಕೂಡ ಇವರನ್ನು ಕಂಡು ಪಟ್ಟನೆ ಕಿಟಕಿ ಮುಚ್ಚಿಕೊಂಡಿದ್ದ. ಊರಿಗೆಲ್ಲ ಬುದ್ಧಿ ಇದೆ, ತನಗೊಬ್ಬನಿಗೇ ಇಲ್ಲ.

ನಾಳೆ ಕಾಕಾನ ತಂದೆ ಬಸವಣ್ಣೆಪ್ಪನವರ ಮೊದಲ ವರ್ಷದ ಪುಣ್ಯಸ್ಮರಣೆ. ಭಜನಾ ಮಂಡಳಿ ಕಟ್ಟಿದವರೇ ಅವರು. ಅವರ ಕಂಚಿನ ಜೋಡಿತಾಳದಲ್ಲಿ ಕಾಕಾನ ಬಳಿ ಇದ್ದದ್ದು ಒಂದೇ. "ಅಪ್ಪನ ತಾಳ ನುಡೀಲಿಕ್ಕೇ ಬೇಕು. ಇಲ್ಲಂದ್ರ ಭಜನಿನೇ ಇಲ್ಲ," ಎಂದು ಸಾರಿಬಿಟ್ಟಿದ್ದರು. ಅದಕ್ಕೇ ಈ ಜೊತೆ ಹುಡುಕುವ ಅಲೆದಾಟ.

"ಇನ್ನೊಂದು ಏನಾಯ್ತ್ರಿ?" ಅಂಗಡಿಯವನು ಕೇಳಿದ.

"ಕಳದದ."

ನವಿಲು ಛಾಪಿನ ತಾಳ ನೋಡಲು ಥಳಥಳ. ಯಂತ್ರದಲ್ಲಿ ಒತ್ತಿದ ಬರೀ ಹಿತ್ತಾಳೆ, ಮುನ್ನೂರು ರೂಪಾಯಿ. ಬಡಿದರೆ ತಟ್ಟೆ ಬಿದ್ದ ಸದ್ದು. ಹಂಸ ಛಾಪು ಆರುನೂರು. ನಾದ ಏಳುತ್ತದೆ, ನಿಲ್ಲುವುದಿಲ್ಲ. ಕಾಕಾ ಒಂದೊಂದನ್ನೂ ಅಪ್ಪನ ತಾಳಕ್ಕೆ ತಾಗಿಸಿ, ಕಣ್ಣು ಮುಚ್ಚಿ ಕೇಳಿ, ಮುಖ ಕಿವುಚಿ ಕೆಳಗಿಡುವರು.

ಬೈಕು ಭಾಲ್ಕಿಗೆ ಓಡಿತು. ಅಲ್ಲಿ ಪಾತ್ರೆ ಅಂಗಡಿಯ ಒಡತಿ ಗುಲಶನ, ಕೈಯಿಂದ ಎರಕ ಹೊಯ್ದ ಕಂಚಿನ ಜೋಡಿಯೊಂದನ್ನು ತೆಗೆದಳು. ಅಂಚು ನಯ, ತೂಕ ಸರಿಸಮ, ಬೆಲೆ ಸಾವಿರದ ಎಂಟುನೂರು. ತಾಗಿಸಿದರೆ ನಾದ ತೊಟ್ಟಿಲಿನಂತೆ ತೂಗಿತು. ರವಿಕಿರಣನಿಗೆ ಹೋದ ಜೀವ ಬಂದಂತಾಯಿತು.

"ಒಂದ್ ಕೂದಲೆಳಿ ಕಮ್ಮಿ ಅದ," ಎಂದರು ಕಾಕಾ.

ಅಯ್ಯೋ ಶಿವನೇ! "ಕಾಕಾ, ನಾಳಿ ಬರೋ ಮಂದಿ ಭಜನಿ ಕೇಳ್ತಾರೋ, ಕೂದಲ ಅಳಿತಾರೋ?"

ಕಾಕಾ ಹೊಸ ಜೋಡಿಯನ್ನು ಹಿಂದಕ್ಕೆ ಸರಿಸಿದರು. ಗುಲಶನ ಹಳೆಯ ತಾಳದ ದಾರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಹರದದ್ದು ಅಲ್ರಿ ಇದು. ಕೊಯ್ದಂಗ ಅದ."

ಕಾಕಾ ತಾಳವನ್ನು ಅವಳ ಕೈಯಿಂದ ಕಿತ್ತುಕೊಂಡು ಮೆಟ್ಟಿಲಿಳಿದರು.

ಔರಾದಿಗೆ ಮುಟ್ಟುವಷ್ಟರಲ್ಲಿ ರವಿಕಿರಣನ ನಡು ಬಿದ್ದುಹೋಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಅಂಗಡಿಯ ಮುದುಕ ಅಬ್ದುಲ ಮಜೀದ ಒಂಟಿ ತಾಳವನ್ನು ಬಾರಿಸಲೂ ಇಲ್ಲ. ಅಂಗೈಯಲ್ಲಿ ತಿರುಗಿಸಿ ನೋಡಿದ.

"ನಿನ್ನಿ ಒಬ್ಬರು ಇದರ ಜೋಡಿನೇ ತಂದಿದ್ರಲ್ರಿ. ಅವರೂ ಇದ್ದಬಿದ್ದ ಛಾಪೆಲ್ಲ ಬಾರಿಸಿ ನೋಡಿ, ಯಾವುದೂ ಬ್ಯಾಡ ಅಂದು ಹೋದ್ರು."

ರವಿಕಿರಣ ಎದ್ದು ನಿಂತ. "ಇನ್ನೊಂದು ಎಲ್ಲಿ ಅಂತ ಕೇಳಲಿಲ್ಲೇನ್ರಿ?"

"ಕೇಳದೆ? ಕಳದದ ಅಂದ್ರು."

"ಕಾಕಾ, ಕಳ್ಳ ಸಿಕ್ಕ! ಪೊಲೀಸ್ ಸ್ಟೇಷನ್ನಿಗೆ ನಡ್ರಿ. ಚಹರೆ ಹ್ಯಾಂಗಿತ್ತು ಅಂತ ಇವರು ಹೇಳ್ತಾರ."

ಕಾಕಾನ ಮುಖ ಸಣ್ಣದಾಗಿತ್ತು. ಕೈಗೆ ಸಿಕ್ಕ ಒಂದು ಜೋಡಿಯನ್ನು ಬಾರಿಸಿಯೂ ನೋಡದೆ ಕಟ್ಟಿಸಿಕೊಂಡರು. "ನಡಿ, ಮನಿಗೆ ಹೋಗೋಣ."

ಇಷ್ಟಕ್ಕೆ ಮೂರು ಊರು ತಿರುಗಬೇಕಿತ್ತೇ? ರವಿಕಿರಣ ದಾರಿಯುದ್ದಕ್ಕೂ ಹಲ್ಲು ಕಡಿದ. ಕಳ್ಳನ ಸುಳಿವು ಸಿಕ್ಕರೂ ಹಿಡಿಯಲೊಲ್ಲದ ಮನುಷ್ಯನಿಗೆ ಏನೆನ್ನುವುದು?

ಮೈಲೂರಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಕಾಕಾನ ಹೆಂಡತಿ ಲಲಿತಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಕಾ ಕಟ್ಟೆಯ ಮೇಲೆ ಕೂತು ಹೊಸ ತಾಳವನ್ನು ಹಳೆಯದಕ್ಕೆ ತಾಗಿಸಿದರು. ಬೋಳು ಸದ್ದು. ಮತ್ತೊಮ್ಮೆ ತಾಗಿಸಿದರು. ಅದೇ ಬೋಳು ಸದ್ದು.

ಆಗ ಗೋಡೆಯಾಚೆಯಿಂದ ಒಂದು ತಾಳ ನುಡಿಯಿತು. ಕಾಕಾ ದಿನವಿಡೀ ಹುಡುಕಿದ ಅದೇ ನಾದ, ಕೂದಲೆಳೆಯೂ ಕಮ್ಮಿಯಿಲ್ಲ.

ಕಾಕಾನ ಕೈ ನಿಂತಿತು. ಹೊಸ ತಾಳವನ್ನು ಕೆಳಗಿಟ್ಟರು. ಅಪ್ಪನದನ್ನು ಮಾತ್ರ ಹಿಡಿದು ಬೀದಿ ಬಾಗಿಲು ದಾಟಿ ಆಚೆಮನೆಯ ಕಡೆ ಹೊರಟರು.

ರವಿಕಿರಣನಿಗೆ ಮೈಯೆಲ್ಲ ಉರಿ. "ಕಾಕಿ, ಕಳ್ಳ ಇಲ್ಲೇ ಬಾಜೂಕಿನ ಮನ್ಯಾಗ ಇದ್ದಾನ್ರಿ! ಕಾಕಾ ಒಬ್ಬರೇ ಹೋಗ್ಯಾರ, ನಾನೂ ಹೋಗ್ಲೇನು?"

ಲಲಿತಾಬಾಯಿ ಮೊರದಿಂದ ತಲೆ ಎತ್ತಲಿಲ್ಲ.

"ಬ್ಯಾಡಪ್ಪ, ಕಳ್ಳ ಅಲ್ಲ ಅಂವ, ಇವರ ತಮ್ಮ, ಪಾಲು ಮಾಡಿಕೊಂಡ ದಿನ ಜೋಡಿತಾಳದ ದಾರ ಕೊಯ್ದು, ಅಣ್ಣಗೊಂದು ತಮ್ಮಗೊಂದು ತಗೊಂಡಾರ."