ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಮೇಷ್ಟ್ರೇ,” ಎಂದು ಆಟೋ ಓಬಳಯ್ಯ ತನ್ನ ಸೀಟಿಗೆ, ಎಡಬದಿಗೆ, ಇನ್ನೊಬ್ಬನನ್ನು ಹತ್ತಿಸಿಕೊಂಡ. ಓಬಳಯ್ಯನ ಬಲಕ್ಕೆ ಅಂಟಿ ಕೂತಿದ್ದ ಹೆಬ್ಬೂರಿನ ಇಂಗ್ಲಿಷ್ ಮೇಷ್ಟ್ರು ಸಂಗಮೇಶ್, ತಮ್ಮ ತೆಂಗಿನಕಾಯಿ ಚೀಲವನ್ನು ಕಾಲ ಬಳಿ ತುರುಕಿದರು.

“ಅಡ್ಜಸ್ಟ್ ಅಂದ್ರೆ ಹೊಂದಿಕೊಳ್ಳೋದು ಅಂತ ಬೆಳಿಗ್ಗೆ ತಾನೆ ಮಕ್ಕಳಿಗೆ ಬರೆಸ್ದೆ ಕಣಯ್ಯ. ನಿನ್ನ ಆಟೋ ತೋರಿಸಿದ್ರೆ ಸಾಕಿತ್ತು!” ಹಿಂದಿದ್ದ ಆರೂ ಜನ ನಕ್ಕರು.

ಇಳಿಜಾರಿನಲ್ಲಿ ಆಟೋ ಜೋರಾಯಿತು. ಮುಂದಿನ ಲಾರಿಯ ಹಿಂಬದಿಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಓಬಳಯ್ಯನ ದನಿ ಬದಲಾಯಿತು. “ಮೇಷ್ಟ್ರೇ, ನನ್ ಕಾಲು ಎಟುಕ್ತಿಲ್ಲ. ಬ್ರೇಕು ನಿಮ್ ಕಾಲ್ ಹತ್ರ ಐತೆ. ನೀವೇ ತುಳೀರಿ, ಬೇಗ!”

ಮೇಷ್ಟ್ರು ತುಳಿದರು. ಪೆಡಲು ಅಲುಗಲಿಲ್ಲ. ಬಗ್ಗಿ ನೋಡಿದರು. ಚೀಲದಿಂದ ಜಾರಿದ ಒಂದು ಕಾಯಿ ಅದರಡಿ ಅಚ್ಚುಕಟ್ಟಾಗಿ ಹೊಂದಿಕೊಂಡು ಕೂತಿತ್ತು.