ಕಡು ಬೂದು

ಇವಳಿಗೆ ಯಾಕಿಷ್ಟು ಹಟ? ನಡುಮನೆಯ ಬಣ್ಣವನ್ನೂ ಮಲಗುವ ಕೋಣೆಯ ಬಣ್ಣವನ್ನೂ ಗಂಡನಿಗೇ ಬಿಟ್ಟವಳು, ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ ಮಾತ್ರ ಕಡು ಬೂದು ಬಣ್ಣವೇ ಆಗಬೇಕೆನ್ನುತ್ತಿದ್ದಾಳೆ. ಪೇಂಟರ್ ತಿಳಿ ಬೂದು, ಕಡು ಬೂದು ಎರಡನ್ನೂ ಗೋಡೆಗೆ ಒಂದಿಷ್ಟು ಬಳಿದು ತೋರಿಸಿ, ಟೀ ಕುಡಿಯಲು ಹೊರಗೆ ಹೋಗಿದ್ದ.

"ಲೈಟ್ ಗ್ರೇನೇ ಹಾಕಿಸೋಣ ಕಣೇ. ಮೊದಲೇ ಅಲ್ಲಿ ಬೆಳಕಿಲ್ಲ."

"ಬೇಡ ರೀ. ಕೈಗುರುತು ಎದ್ದು ಕಾಣುತ್ತೆ. ದಿನಾ ಒರೆಸೋಳು ನಾನು."

ದಿನಾ? ಮನೆಯಲ್ಲಿ ಇರುವವರು ಇಬ್ಬರೇ. ಬೆಳಿಗ್ಗೆ ಹೋದರೆ ಅವನು ಮರಳುವುದು ಸಂಜೆಗೆ.

"ಯಾರ ಕೈಗುರುತು? ನಾನಿಲ್ಲದಾಗ ಯಾರು ಬರ್ತಾರೆ ಇಲ್ಲಿಗೆ?"

ಅವಳು ಬಕೆಟ್ಟಿನಲ್ಲಿ ನೆಲ ಒರೆಸುವ ಬಟ್ಟೆ ಹಿಂಡತೊಡಗಿದಳು.

"ನಿನ್ನನ್ನೇ ಕೇಳ್ತಿರೋದು. ಹೇಳೋಕೆ ಬಾಯಿಲ್ವಾ?"

"ನಿಮ್ಮದೇ ರೀ," ಎಂದಳು, ತಲೆಯೆತ್ತದೆ. "ಕತ್ತಲಾದ ಮೇಲೆ ಲೈಟ್ ಹಾಕಿದರೂ ಗೋಡೆ ತಡವಿಕೊಂಡೇ ತಾನೇ ನೀವು ಬಚ್ಚಲಿಗೆ ಹೋಗೋದು? ಮನೆಗೆ ಬಂದವರು ಆ ಗುರುತು ನೋಡಿ ಕೇಳಿದರೆ ನಾನೇನು ಹೇಳಲಿ?"

ಕಣ್ಣು ಮಂಜಾಗುತ್ತಿದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.