ಗ್ಲಾಸಿನ ಮೇಲಿನ ಬೆರಳ ಗುರುತು

ನಾಲಿಗೆ ಸಾಹೇಬರು ಬಾಗಿಲು ತಳ್ಳಿದಾಗ, ಪರೀಕ್ಷೆಗೆ ನೀರು ತುಂಬಿಸಿಡುವ ಗ್ಲಾಸಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಪರೀಕ್ಷೆಯ ಗ್ಲಾಸೊಂದು ಅವಳ ಎರಡು ಕೈಗಳ ನಡುವೆ ಎದೆಯ ಹತ್ತಿರವಿತ್ತು. ಬೆಚ್ಚಿ ತಿರುಗಿದವಳು ಅದನ್ನು ಟ್ರೇಯಲ್ಲಿದ್ದ ಉಳಿದ ನಾಲ್ಕು ಗ್ಲಾಸುಗಳ ಪಕ್ಕ ಇಟ್ಟಳು. ಗಾಜಿನ ಮೇಲಿನ ಮಂಜಿನಲ್ಲಿ ಬೆರಳುಗಳ ಗುರುತು ಎದ್ದು ಕಾಣುತ್ತಿತ್ತು.

ಸಾಹೇಬರ ಮೂಗು ಸೊಟ್ಟಗಾಯಿತು. ಬಾಟಲಿ ನೀರಿನ ಆ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ ಒಂದೇ. ದಿನಾ ಬೆಳಿಗ್ಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಐದು ಗ್ಲಾಸು ನೀರಿನ ರುಚಿ ನೋಡುವುದು. ನಾಲ್ಕರಲ್ಲಿ ಕಂಪನಿಯ ನೀರು, ಒಂದರಲ್ಲಿ ಗೋಡೆಯ ನಲ್ಲಿಯ ನೀರು. ಐದೂ ರಾತ್ರಿಯೆಲ್ಲ ಒಂದೇ ಫ್ರಿಜ್ಜಿನಲ್ಲಿದ್ದು ಬರುತ್ತವೆ. ನಲ್ಲಿಯದನ್ನು ಅವರು ಹಿಡಿಯಬೇಕು. ಹಿಡಿದೇ ಹಿಡಿಯುತ್ತಿದ್ದರು.

"ಸತ್ತ ನೀರು" ಎಂದು ಉಗುಳುತ್ತಿದ್ದರು. ಈಚೆಗಂತೂ ಅದನ್ನು ಹಿಡಿಯುವುದು ಅವರಿಗೆ ನೀರು ಕುಡಿದಷ್ಟೇ ಸುಲಭವಾಗಿತ್ತು. ಕಂಪನಿಯ ನೀರು ಹಲ್ಲಿಗೆ ಚಳುಕು ಹುಟ್ಟಿಸಿ ಚುರುಕಾಗಿ ಇಳಿಯುತ್ತಿತ್ತು. ನಲ್ಲಿಯದು ಮೈಗಳ್ಳನಂತೆ ನಾಲಿಗೆಯ ಮೇಲೆ ಮಂಕಾಗಿ ಕೂರುತ್ತಿತ್ತು.

ಅವರಿಗೆ ಸಹಿಸಲಾಗದ್ದು ಬಹಳಷ್ಟಿತ್ತು. ದಿನದಿನಕ್ಕೆ ಸಪ್ಪೆಯಾಗುತ್ತಿದ್ದ ಹೆಂಡತಿಯ ಅಡುಗೆ. ಬಾಟಲಿ ಕೊಳ್ಳದೆ ಮನೆಯಿಂದ ನೀರು ಹೊತ್ತು ತರುವ ಜನ. ಎಲ್ಲಕ್ಕಿಂತ ಹೆಚ್ಚಾಗಿ ಗ್ಲಾಸಮ್ಮನ ನೆಗ್ಗಿದ ಸ್ಟೀಲ್ ಬಾಟಲಿ. ಹನ್ನೊಂದು ವರ್ಷದಿಂದ ಅದೇ ಬಾಟಲಿ, ಅದಕ್ಕೆ ಅದೇ ಗೋಡೆಯ ನಲ್ಲಿ. ಹೋಗುವಾಗ ಗೇಟಿನ ಕಾವಲುಗಾರನ ಬಾಟಲಿಯನ್ನೂ ಕೇಳಿ ಪಡೆದು ತುಂಬಿಸಿಕೊಡುತ್ತಿದ್ದಳು.

"ನಲ್ಲಿ ನೀರು ಬಚ್ಚಲಿಗೆ ಕಣಮ್ಮಾ, ಗಂಟಲಿಗಲ್ಲ" ಎಂದು ಒಮ್ಮೆ ಚುಚ್ಚಿದ್ದರು.

"ನನ್ನ ಗಂಟಲಿಗೆ ಅಷ್ಟೆಲ್ಲ ಗೊತ್ತಾಗಲ್ಲ ಸಾರ್. ಗೊತ್ತಾಗೋರು ನೀವಿದ್ದೀರಲ್ಲ" ಎಂದಿದ್ದಳು.

ಹೆಡ್ಡಿ. ಒಂದು ಚಹಾ ನೆಟ್ಟಗೆ ಮಾಡಲು ಬಾರದವಳು. ಎರಡು ತಿಂಗಳ ಹಿಂದೆ ಅವರು ಜ್ವರದ ರಜೆ ಮುಗಿಸಿ ಬಂದ ದಿನ ಚಹಾ ತಂದಿಟ್ಟು ಹೋದವಳು ಒಂದೇ ಉಸಿರಿಗೆ ಓಡಿ ಬಂದಿದ್ದಳು. "ಸಾರ್, ಅದು ಬೇಡ, ಸಕ್ಕರೆ ಡಬ್ಬಿ ಅದಲುಬದಲಾಗಿ..."

ಕಪ್ಪಿನಲ್ಲಿ ಅರ್ಧ ಖಾಲಿಯಾಗಿತ್ತು. "ಚಹಾ ಚೆನ್ನಾಗೇ ಇದೆ, ಹೋಗು" ಎಂದು ಉಳಿದದ್ದನ್ನೂ ಕುಡಿದು ಮುಗಿಸಿದ್ದರು. ಅವಳು ಖಾಲಿ ಕಪ್ಪನ್ನೂ ಅವರ ಮುಖವನ್ನೂ ಸರದಿಯಂತೆ ನೋಡಿ, ಮಾತು ನುಂಗಿಕೊಂಡು ಹೋಗಿದ್ದಳು. ಅರ್ಧ ಮಾತಾಡಿ ನಿಲ್ಲಿಸುವ ಇಂಥವರನ್ನು ಕಂಡರೇ ಅವರಿಗೆ ಆಗದು.

ಈಗ ಅವಳೇ ಕೈಗೆ ಸಿಕ್ಕಿಬಿದ್ದಿದ್ದಳು. ಅದೂ ಇಂಥ ಹೊತ್ತಿನಲ್ಲಿ. ನಾಳೆ ದೊಡ್ಡ ಹೋಟೆಲಿನವರು ಖರೀದಿಗೆ ಮುಂಚೆ ಸಾಹೇಬರ ಪರೀಕ್ಷೆಯನ್ನು ಕಣ್ಣಾರೆ ನೋಡಲು ಬರುವವರಿದ್ದರು. ಯಜಮಾನರು ಮುಲಾಜಿಲ್ಲದೆ ಹೇಳಿದ್ದರು: "ಹಿಡಿದರೆ ನೀವಿರ್ತೀರಿ. ಇಲ್ಲದಿದ್ದರೆ ನಿಮ್ಮ ಜಾಗದಲ್ಲಿ ಮೆಷಿನ್ ಕೂರುತ್ತೆ."

ಸಾಹೇಬರು ಯಜಮಾನರನ್ನೇ ಕೂಗಿ ಕರೆದರು.

"ನೋಡಿ ಇವಳನ್ನ. ಹನ್ನೊಂದು ವರ್ಷ ನಲ್ಲಿ ನೀರಿನ ಜಪ ಮಾಡಿದ ಮಹಾತಾಯಿ. ಕೊನೆಗೆ ಕದ್ದು ಕುಡಿಯೋಕೆ ನಮ್ಮ ನೀರೇ ಬೇಕಾಯ್ತು."

ಯಜಮಾನರು ಅವಳತ್ತ ತಿರುಗಿದರು. "ಹೌದೇನಮ್ಮಾ? ಕುಡಿಯೋಕಲ್ಲದಿದ್ರೆ ಮತ್ತೇಕೆ ಹಿಡ್ಕೊಂಡಿದ್ದೆ? ಇರೋದನ್ನ ಹೇಳು."

ಗ್ಲಾಸಮ್ಮ ಬಾಯಿ ತೆರೆದಳು. ಯಜಮಾನರನ್ನು ನೋಡಿದಳು, ಆಮೇಲೆ ಸಾಹೇಬರನ್ನು. ಏಪ್ರನ್ನಿನಲ್ಲಿ ಒದ್ದೆ ಅಂಗೈ ಒರೆಸಿಕೊಂಡಳು.

"ಹೌದು ಸಾರ್" ಎಂದಳು. "ಬಾಯಾರಿತ್ತು."

ಸಾಹೇಬರು ನಕ್ಕ ನಗು ಮೂಗಿನಿಂದ ಬಂತು. ಟ್ರೇಯಲ್ಲಿದ್ದ ಐದೂ ಗ್ಲಾಸುಗಳನ್ನು ತಾವೇ ಸಿಂಕಿಗೆ ಸುರಿದರು. ಅವಳನ್ನು ಹಿಂದಿನ ಶೆಡ್ಡಿಗೆ, ಕ್ಯಾನು ತೊಳೆಯುವ ಕೆಲಸಕ್ಕೆ ಹಾಕುವಂತೆ ಯಜಮಾನರನ್ನು ಒಪ್ಪಿಸಿದರು. ನಾಳೆಯಿಂದ ಗ್ಲಾಸುಗಳಿಗೆ ಯಾರ ಕೈಯೂ ತಾಗಕೂಡದು. ಅವಳ ಜಾಗಕ್ಕೆ ಬರುವ ಹೊಸಬಳು ಕೈಗವಸು ಹಾಕಿಕೊಂಡು ಫ್ರಿಜ್ಜಿನಿಂದ ಇಕ್ಕಳದಲ್ಲೇ ಎತ್ತಿಡಬೇಕು.

ಗ್ಲಾಸಮ್ಮ ಸ್ಟೀಲ್ ಬಾಟಲಿ ಎತ್ತಿಕೊಂಡಳು. ಬಾಗಿಲಲ್ಲಿ ನಿಂತಳು.

"ಸಾರ್, ಹೊಸಬಳಿಗೆ ಒಂದು ಮಾತು ಹೇಳಿಕೊಟ್ಟು ಹೋಗ್ಲಾ? ಎರಡೇ ನಿಮಿಷ."

"ನಿನ್ನಿಂದ ಕಲಿಯೋಕೆ ಏನಿದೆಯಮ್ಮ? ನಡಿ, ನಡಿ."

ಅವಳು ಟ್ರೇಯತ್ತ ಒಮ್ಮೆ ನೋಡಿದಳು. "ಆಯ್ತು ಸಾರ್. ನಾಳೆ ಹುಷಾರು" ಎಂದು ಹೊರಟಳು. ಕ್ಯಾನು ತೊಳೆಯುವವಳು ತಮಗೆ ಹುಷಾರು ಹೇಳುವುದೇ? ಸಾಹೇಬರು ಮನೆ ಸೇರುವವರೆಗೂ ಅದನ್ನು ನೆನೆನೆನೆದು ನಕ್ಕರು.

ಮರುದಿನ ಹೋಟೆಲಿನವರು ನಾಲ್ವರು ಕುರ್ಚಿ ಹಾಕಿಕೊಂಡು ಕೂತರು. ಯಜಮಾನರು ಗೋಡೆಗೊರಗಿ ನಿಂತರು. ಸಾಹೇಬರು ಗತ್ತಿನಿಂದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡರು. ಇಕ್ಕಳ ಕಟಕಟ ಸದ್ದು ಮಾಡಿತು. ಗ್ಲಾಸುಗಳು ಒಂದೊಂದಾಗಿ ಮೇಜಿನ ಮೇಲೆ ಕೂತವು.

ಮೊದಲನೆಯದು ಹಲ್ಲಿಗೆ ಚಳುಕು ಹುಟ್ಟಿಸಿತು. ಕಂಪನಿಯದು. ಎರಡನೆಯದೂ ಹಾಗೇ. ಮೂರನೆಯದು, ನಾಲ್ಕನೆಯದು, ಅದೇ ಚಳುಕು. ಸಾಹೇಬರು ಮುಗುಳ್ನಕ್ಕರು. ಅಂದರೆ ಐದನೆಯದೇ ಇರಬೇಕು, ಅಷ್ಟೇ ತಾನೆ? ಬಾಯಿ ತುಂಬ ಗುಟುಕರಿಸಿದರು.

ಚಳುಕು.

ಮತ್ತೆ ಮೊದಲನೆಯದಕ್ಕೆ ಕೈ ಹಾಕಿದರು. ಮತ್ತೆ ಮೂರನೆಯದಕ್ಕೆ. ಐದರಲ್ಲೂ ತಣ್ಣಗಿರುವುದು ಬಿಟ್ಟು ಬೇರೇನೂ ಇರಲಿಲ್ಲ. ಯಾರೋ ಕುರ್ಚಿಯಲ್ಲಿ ಮಿಸುಕಿದರು.

"ಯಾವುದು ಸಾಹೇಬ್ರೇ?" ಯಜಮಾನರ ದನಿ ಹತ್ತಿರ ಬಂತು.

ಕಣ್ಣಿಗೆ ಕಟ್ಟಿದ ಬಟ್ಟೆಯ ಕತ್ತಲಲ್ಲಿ ಅವರಿಗೆ ಕಂಡದ್ದು ಗೋಡೆಗೆ ಮುಖ ಮಾಡಿ, ಒಂದೇ ಒಂದು ಗ್ಲಾಸನ್ನು ಎದೆಗವಚಿಕೊಂಡು ನಿಂತಿದ್ದ ಹೆಂಗಸು.

ಜ್ವರ ಬಿಟ್ಟ ದಿನದಿಂದ ಅವರು ಹಿಡಿಯುತ್ತಿದ್ದದ್ದು ನಲ್ಲಿ ನೀರಿನ ರುಚಿಯನ್ನಲ್ಲ, ಅವಳ ಅಂಗೈಯ ಬಿಸುಪನ್ನು.